ಗಾಳಿ ಇಲ್ಲೇ ಇದೆ, ಕೆಲಸ ಹೋಯ್ತು...

ಮೊನ್ನೆ ಭಾನುವಾರ ರಾತ್ರಿ ಊರಿಂದ ಬೆಂಗಳೂರಿಗೆ ಬಸ್ಸಲ್ಲಿ ಬರ್ತಾ ಇದ್ದೆ. ಸಿರಾ ದಾಟಿ ಸ್ವಲ್ಪ ದೂರ ಬಂದಿರಬೇಕು, ಬಸ್ಸು ಇದ್ದಕ್ಕಿದ್ದ ಹಾಗೆ ನಿಧಾನ ಆಯ್ತು. ಕಿಟಕಿಯಿಂದ ತಲೆ ಹಾಕಿ ನೋಡಿದರೆ ಎದುರಿನ ರಸ್ತೆಯಲ್ಲಿ ಮುಂದೊಂದು ಜೀಪು ಲೈಟು ಮಿನುಗಿಸ್ತಾ ಬರ್ತಿದೆ, ಅದರ ಹಿಂದೆ ಉದ್ದನೆಯ ಟ್ರೇಲರ್, ಅದರ ಮೇಲೆ ಗಾಳಿಯಂತ್ರದ ಒಂದೇ ಒಂದು ರೆಕ್ಕೆ. ಮುಗಿಯೋದೇ ಇಲ್ಲ! ಪಕ್ಕದ ಸೀಟಿನ ಅಜ್ಜ "ಏನಪ್ಪ ಅದು, ವಿಮಾನದ್ದಾ?" ಅಂದರು. "ಇಲ್ಲ ಅಜ್ಜ, ಗುಡ್ಡದ ಮೇಲೆ ತಿರುಗುತ್ತಲ್ಲ ಫ್ಯಾನು, ಅದರದ್ದು" ಅಂದೆ. "ಅಷ್ಟುದ್ದ ಇರುತ್ತಾ!" ಅಂತ ಬಾಯಿ ಬಿಟ್ಟರು. "ನಾನು ಅದೇ ಕಂಪನಿ ಕೆಲಸ ಮಾಡೋದು" ಅನ್ನೋದು ನಾಲಿಗೆ ತುದಿವರೆಗೂ ಬಂದು ನಿಂತುಬಿಡ್ತು. ಯಾಕೆಂದರೆ ಇನ್ನು ಐದು ವಾರ ಅಷ್ಟೇ. ಆಮೇಲೆ ನನ್ನ ಕೆಲಸ ಪೋಲೆಂಡಿಗೆ ಹೋಗುತ್ತೆ. ನಾನು ಹೋಗಲ್ಲ, ಕೆಲಸ ಮಾತ್ರ.

ಇದು ಅಳೋಕೆ ಬರೆದ ಬರಹ ಅಲ್ಲ, ಹೆದರಬೇಡಿ. ಬೆಂಗಳೂರಲ್ಲಿ ಕೆಲಸ ಕಳೆದುಕೊಂಡ ಸಾಫ್ಟ್‌ವೇರ್ ಹುಡುಗರ ಕಥೆ ನೀವು ಬೇಕಾದಷ್ಟು ಓದಿದ್ದೀರಿ. ನನಗೆ ಹೇಳಬೇಕಾಗಿರೋದು ಬೇರೆ. ಈ ಕೆಲಸ ನನಗೆ ಸಿಕ್ಕಿದ್ದೇ ಬೇರೆ ಒಬ್ಬರ ಕೈಯಿಂದ ಕಿತ್ತು. ಆಗ ನಾನು ಒಂದು ಪ್ರಶ್ನೆ ಕೇಳಲಿಲ್ಲ. ಈಗ ಅದೇ ಪ್ರಶ್ನೆ ಹಿಡಿದುಕೊಂಡು ಓಡಾಡ್ತಾ ಇದ್ದೀನಿ, ಉತ್ತರ ಕೊಡೋರು ಯಾರೂ ಇಲ್ಲ. ನನ್ನ ಕಥೆಗೆ ಬರೋ ಮೊದಲು ಒಂದು ಹಳೆಯ ಕಥೆ ಹೇಳಬೇಕು. ಕಳೆದ ಎರಡು ತಿಂಗಳಲ್ಲಿ ನಿದ್ದೆ ಬಾರದ ರಾತ್ರಿಗಳಲ್ಲಿ ಓದಿಕೊಂಡಿದ್ದು.

ಇಂಗ್ಲೆಂಡಿನ ದಕ್ಷಿಣಕ್ಕೆ ಐಲ್ ಆಫ್ ವೈಟ್ ಅಂತ ಒಂದು ದ್ವೀಪ ಇದೆ. ಅಲ್ಲಿ ನ್ಯೂಪೋರ್ಟ್ ಅನ್ನೋ ಊರು. ಅಲ್ಲಿ ಡೆನ್ಮಾರ್ಕಿನ ವೆಸ್ಟಾಸ್ ಕಂಪನಿಯ ಕಾರ್ಖಾನೆ ಇತ್ತು, ಗಾಳಿಯಂತ್ರದ ರೆಕ್ಕೆ ಮಾಡೋದು. (ವೆಸ್ಟಾಸ್ ಶುರುವಾಗಿದ್ದು 1898ರಲ್ಲಿ, ಲೆಮ್ ಅನ್ನೋ ಸಣ್ಣ ಊರಿನ ಒಬ್ಬ ಕಮ್ಮಾರನ ಕುಲುಮೆಯಿಂದ ಅಂದ್ರೆ ನಂಬ್ತೀರಾ? ಮಧ್ಯದಲ್ಲಿ ಅಡಿಗೆಮನೆಯ ಮಿಕ್ಸರ್, ಹಾಲು ತಣ್ಣಗೆ ಮಾಡೋ ಯಂತ್ರ ಎಲ್ಲ ಮಾಡಿ 1979ರ ಹೊತ್ತಿಗೆ ಗಾಳಿಗೆ ಬಂದರು.) 2009ರ ಏಪ್ರಿಲ್ 28ರಂದು ಕಂಪನಿ ಒಂದು ಪ್ರಕಟಣೆ ಕೊಡ್ತು: 1,900 ಜನರ ಕೆಲಸ ಹೋಗುತ್ತೆ, ಹೆಚ್ಚಿನವರು ಡೆನ್ಮಾರ್ಕ್ ಮತ್ತು ಬ್ರಿಟನ್ನಿನವರು. ನಷ್ಟದಲ್ಲಿತ್ತಾ? ಇಲ್ಲ. ಆ ತ್ರೈಮಾಸಿಕದಲ್ಲಿ ಲಾಭ ಹಿಂದಿನ ವರ್ಷಕ್ಕಿಂತ ಜಾಸ್ತಿಯೇ ಆಗಿತ್ತು.

ಕಾರಣ ಏನಪ್ಪಾ ಅಂದ್ರೆ, ನ್ಯೂಪೋರ್ಟಿನಲ್ಲಿ ಮಾಡ್ತಿದ್ದ ರೆಕ್ಕೆಗಳು ಬ್ರಿಟನ್ನಿಗಲ್ಲ, ಅಮೆರಿಕಕ್ಕೆ ಹೋಗ್ತಿದ್ದವು. ಸುಮಾರು 40 ಮೀಟರ್ ಉದ್ದದ ಮಾಲನ್ನು ಹಡಗಿಗೆ ಹಾಕಿ ಅಟ್ಲಾಂಟಿಕ್ ದಾಟಿಸೋದು. ಅಷ್ಟು ಹೊತ್ತಿಗೆ ವೆಸ್ಟಾಸ್ ಅಮೆರಿಕದ ಕೊಲರಾಡೋದಲ್ಲಿ, ವಿಂಡ್ಸರ್ ಅನ್ನೋ ಊರಲ್ಲಿ, 2008ರಲ್ಲೇ ರೆಕ್ಕೆ ಕಾರ್ಖಾನೆ ತೆರೆದಿತ್ತು. ಅಮೆರಿಕದ ಮಾಲು ಅಮೆರಿಕದಲ್ಲೇ ಮಾಡ್ತೀವಿ ಅಂದರು. ಸರಿ, ನ್ಯೂಪೋರ್ಟಿನಲ್ಲಿ ಬ್ರಿಟನ್ನಿಗೆ ಬೇಕಾದ ಬೇರೆ ಅಳತೆಯ ರೆಕ್ಕೆ ಮಾಡಬಹುದಿತ್ತಲ್ಲ? ಅದಕ್ಕೆ ಹೊಸ ಅಚ್ಚು, ಹೊಸ ಬಂಡವಾಳ ಬೇಕು. ಅಂಥದೊಂದು ಯೋಜನೆಯೂ ಇತ್ತಂತೆ, ಕೈಬಿಟ್ಟರು. ಬ್ರಿಟನ್ನಿನಲ್ಲಿ ಗಾಳಿಯಂತ್ರ ನಿಲ್ಲಿಸೋಕೆ ಅನುಮತಿ ಸಿಗಲ್ಲ, ಊರೂರಲ್ಲಿ ವಿರೋಧ, ಬೇಡಿಕೆ ಇಲ್ಲ ಅಂತ ಕಂಪನಿಯ ವಾದ.

ಈಗ ದಿನಾಂಕ ಗಮನಿಸಿ. 2009ರ ಜುಲೈ 15ಕ್ಕೆ ಬ್ರಿಟನ್ನಿನ ಇಂಧನ ಮಂತ್ರಿ ಎಡ್ ಮಿಲಿಬ್ಯಾಂಡ್ ದೊಡ್ಡದೊಂದು ಯೋಜನೆ ಬಿಡುಗಡೆ ಮಾಡಿದರು. ಇಂಗಾಲ ಕಡಿಮೆ ಮಾಡೋದು, ಹಸಿರು ಉದ್ಯೋಗ ಸೃಷ್ಟಿ ಮಾಡೋದು ಇತ್ಯಾದಿ. ಐದು ದಿನ ಬಿಟ್ಟು, ಜುಲೈ 20ರ ರಾತ್ರಿ, ನ್ಯೂಪೋರ್ಟಿನ ಇಪ್ಪತ್ತೈದು ಜನ ಕಾರ್ಮಿಕರು ಕಾರ್ಖಾನೆಯ ಒಳಗೆ ಹೋಗಿ ಆಫೀಸಿನ ಬಾಗಿಲು ಹಾಕಿಕೊಂಡು ಕೂತರು. ದೇಶದ ಏಕೈಕ ದೊಡ್ಡ ರೆಕ್ಕೆ ಕಾರ್ಖಾನೆ, ಹಸಿರು ಉದ್ಯೋಗ ಅಂತ ನೀವು ಹೇಳೋದು ಇದನ್ನೇ ಅಲ್ವಾ, ಇದನ್ನೇ ಮುಚ್ಚೋಕೆ ಬಿಡ್ತೀರಾ? ಅವರ ಪ್ರಶ್ನೆ ಇಷ್ಟೇ. ಅವರಲ್ಲಿ ಬಹಳ ಜನಕ್ಕೆ ಯೂನಿಯನ್ ಅಂದ್ರೇನು ಅಂತ ಗೊತ್ತಿರಲಿಲ್ಲ, ಕಂಪನಿ ಯೂನಿಯನ್ನಿಗೆ ಮಾನ್ಯತೆ ಕೊಟ್ಟಿರಲಿಲ್ಲ. ಒಳಗೆ ಕೂತ ಮೇಲೆ ರೈಲ್ವೆ ಮತ್ತು ಸಾರಿಗೆಯವರ ಯೂನಿಯನ್ ಆರ್‌ಎಂಟಿ ಅವರ ಬೆನ್ನಿಗೆ ಬಂತು, ಅದರ ನಾಯಕ ಬಾಬ್ ಕ್ರೋ ದ್ವೀಪಕ್ಕೆ ಬಂದರು. ಹೊರಗಿನವರು ಬೇಲಿ ಆಚೆಯಿಂದ ಊಟ ಎಸೆಯೋಕೆ ನೋಡಿದರು. ಕಡೆಗೆ ಕಂಪನಿಯೇ ಊಟ ಕಳಿಸೋಕೆ ಶುರು ಮಾಡ್ತು. ಒಂದು ರಾತ್ರಿ ಊಟದ ಜೊತೆಗೇ ಹನ್ನೊಂದು ಜನಕ್ಕೆ ವಜಾ ಪತ್ರನೂ ಬಂತು!

ಇದನ್ನು ಓದಿದಾಗ ರಾತ್ರಿ ಎರಡು ಗಂಟೆ. ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದೆ.

ಕೋರ್ಟು ಕಂಪನಿ ಪರ ಆಯ್ತು. ಆಗಸ್ಟ್ 7ಕ್ಕೆ ಉಳಿದಿದ್ದ ಆರು ಜನ ಹೊರಗೆ ಬಂದರು. ನ್ಯೂಪೋರ್ಟ್ ಮತ್ತು ಪಕ್ಕದ ಸೌತಾಂಪ್ಟನ್ ಎರಡೂ ಸೇರಿ ನಾನೂರಕ್ಕೂ ಹೆಚ್ಚು ಜನರ ಕೆಲಸ ಹೋಯ್ತು. ಸೋತರು. ಆದರೆ ಕಥೆ ಅಲ್ಲಿಗೆ ಮುಗಿಯಲ್ಲ, ಮುಂದೆ ಏನಾಯ್ತು ನೋಡಿ. ಮರುವರ್ಷ ಅಕ್ಟೋಬರಿನಲ್ಲಿ ವೆಸ್ಟಾಸ್ ಇನ್ನೂ 3,000 ಕೆಲಸ ಕಡಿತ ಅಂತ ಘೋಷಿಸಿತು, ಬಹುಪಾಲು ಡೆನ್ಮಾರ್ಕ್ ಮತ್ತು ಸ್ವೀಡನ್ನಿನಲ್ಲಿ. ಅಂದರೆ ಸ್ವಂತ ಮನೆಯಲ್ಲೇ. ಇನ್ನು ಕೊಲರಾಡೋದವರಾದರೂ ನೆಮ್ಮದಿಯಾಗಿದ್ದರಾ? 2012ರಲ್ಲಿ ಅಮೆರಿಕ ಸರ್ಕಾರದ ಗಾಳಿ ವಿದ್ಯುತ್ತಿನ ತೆರಿಗೆ ರಿಯಾಯಿತಿ ಮುಂದುವರಿಯುತ್ತೋ ಇಲ್ಲವೋ ಅನ್ನೋ ಗೊಂದಲದಲ್ಲಿ ಆರ್ಡರ್ ನಿಂತವು, ಅಲ್ಲೂ ನೂರಾರು ಜನರನ್ನು ಮನೆಗೆ ಕಳಿಸಿದರು. ಸಮುದ್ರ ದಾಟಿ ಹೋದ ಕೆಲಸ ಅಲ್ಲೂ ಕಾಲೂರಿ ನಿಲ್ಲಲಿಲ್ಲ.

ನಮ್ಮವರು ಅಂದ್ಕೊಂಡು ಖುಷಿಪಡೋಕೂ ಏನಿಲ್ಲ ಬಿಡಿ. ನಮ್ಮ ಪುಣೆಯ ಸುಜ್ಲಾನ್ 2006ರಲ್ಲಿ ಅಮೆರಿಕದ ಮಿನೆಸೋಟಾದ ಪೈಪ್‌ಸ್ಟೋನ್ ಅನ್ನೋ ಪುಟ್ಟ ಊರಲ್ಲಿ ರೆಕ್ಕೆ ಕಾರ್ಖಾನೆ ತೆರೆಯಿತು. ಭಾರತದ ಕಂಪನಿ ಅಮೆರಿಕನ್ನರಿಗೆ ಕೆಲಸ ಕೊಡುತ್ತೆ ಅಂತ ಆಗ ಎಷ್ಟು ಹೆಮ್ಮೆ! ನಾಲ್ಕೈದು ವರ್ಷದಲ್ಲಿ ಅಲ್ಲೂ ರೆಕ್ಕೆ ಮಾಡೋದು ನಿಂತುಹೋಯ್ತು. ಹಾಗಾಗಿ ಇದು ಬಿಳಿಯರು, ಕರಿಯರು, ಅವರು, ನಾವು ಅನ್ನೋ ಕಥೆ ಅಲ್ಲ.

ಯಾಕೆ ಹೀಗಾಗುತ್ತೆ ಅಂತ ಇಂಜಿನಿಯರ್ ಬುದ್ಧಿಗೆ ಕುತೂಹಲ. ನನಗೆ ಅರ್ಥ ಆದಷ್ಟು ಹೇಳ್ತೀನಿ. ರೆಕ್ಕೆ ಮಾಡೋದು ನಾವು ಅಂದುಕೊಂಡ ಹಾಗೆ ರೋಬೋಟ್ ಕೆಲಸ ಅಲ್ಲ. ರೆಕ್ಕೆಯಷ್ಟೇ ಉದ್ದದ ಅಚ್ಚು ಇರುತ್ತೆ. ಅದರೊಳಗೆ ಗಾಜಿನ ನಾರಿನ ಬಟ್ಟೆಯನ್ನು ಪದರ ಪದರವಾಗಿ ಜನ ಕೈಯಲ್ಲೇ ಹಾಸಬೇಕು, ಮಧ್ಯೆ ಹಗುರವಾದ ಬಾಲ್ಸಾ ಮರದ ತುಂಡು ಕೂರಿಸಬೇಕು, ಮೇಲೆ ಪ್ಲಾಸ್ಟಿಕ್ ಹೊದಿಸಿ ಗಾಳಿ ಎಳೆದು ರೆಸಿನ್ ಹರಿಸಬೇಕು. ಒಂದು ಸುಕ್ಕು ಬಿದ್ದರೂ ಕೆಟ್ಟಿತು. ಕೈಕೆಲಸ ಜಾಸ್ತಿ, ಅಂದರೆ ಸಂಬಳದ ಲೆಕ್ಕ ದೊಡ್ಡದು. ಇನ್ನೊಂದು ವಿಷಯ, ಅಚ್ಚು ಒಂದು ಮಾಡೆಲ್ಲಿಗೆ ಮಾತ್ರ. ಮಾಡೆಲ್ ಬದಲಾದರೆ, ಉದ್ದ ಹೆಚ್ಚಾದರೆ, ಹಳೆ ಅಚ್ಚು ಗುಜರಿಗೆ. ಈ ಉದ್ಯಮದಲ್ಲಂತೂ ಕೆಲವೇ ವರ್ಷಕ್ಕೊಮ್ಮೆ ರೆಕ್ಕೆ ಉದ್ದ ಆಗ್ತಾನೇ ಇರುತ್ತೆ. ಪ್ರತಿ ಸಲ ಮಾಡೆಲ್ ಬದಲಾದಾಗಲೂ ಮ್ಯಾನೇಜ್‌ಮೆಂಟ್ ಮುಂದೆ ಅದೇ ಪ್ರಶ್ನೆ: ಹೊಸ ಅಚ್ಚನ್ನು ಎಲ್ಲಿ ಇಡೋಣ? ಕಾರ್ಖಾನೆ ಸಾಯೋದು ನಷ್ಟ ಆದಾಗಲ್ಲ, ಈ ಪ್ರಶ್ನೆ ಎದ್ದಾಗ. ನಾನು ನೋಡಿದ ಮಟ್ಟಿಗೆ ಇದೇ ನಿಜ.

ಜರ್ಮನಿಯ ರೋಸ್ಟಾಕ್ ಊರಿನ ಕಥೆಯೂ ಇದೇ. ಅಲ್ಲಿ ನಾರ್ಡೆಕ್ಸ್ ಕಂಪನಿಯ ರೆಕ್ಕೆ ಕಾರ್ಖಾನೆ, ಸುಮಾರು 600 ಜನ. ದೇಶದಲ್ಲಿ ಉಳಿದಿದ್ದ ಕಡೆಯ ರೆಕ್ಕೆ ಕಾರ್ಖಾನೆ ಅದು. 2022ರ ಫೆಬ್ರವರಿ 28ಕ್ಕೆ ಪ್ರಕಟಣೆ ಬಂತು, ಜೂನ್ ಕೊನೆಗೆ ಮುಚ್ಚುತ್ತೇವೆ ಅಂತ. ಅದರ ಹಿಂದಿನ ದಿನ, ಅಂದರೆ ರಷ್ಯಾ ಉಕ್ರೇನಿನ ಮೇಲೆ ಬಿದ್ದ ಮೂರು ದಿನಕ್ಕೆ, ಜರ್ಮನಿಯ ಹಣಕಾಸು ಮಂತ್ರಿ ಕ್ರಿಶ್ಚಿಯನ್ ಲಿಂಡ್ನರ್ ಪಾರ್ಲಿಮೆಂಟಿನಲ್ಲಿ ಗಾಳಿ, ಸೂರ್ಯ ಇವುಗಳನ್ನು 'ಸ್ವಾತಂತ್ರ್ಯದ ಇಂಧನ' ಅಂತ ಕರೆದಿದ್ದರು. ಭಾಷಣ ಭಾನುವಾರ, ಮುಚ್ಚೋ ಸುದ್ದಿ ಸೋಮವಾರ! ಆ ಕಂಪನಿಯ ತಯಾರಿಕೆ ನಮ್ಮ ಪಕ್ಕದ ಚೆನ್ನೈ ಹತ್ತಿರವೂ ಇದೆ. ನಮ್ಮ ಕಡೆ ಹುಡುಗರಿಗೆ ಕೆಲಸ ಸಿಗುತ್ತೆ ಅಂದ್ರೆ ನನಗೆ ಖುಷಿಯೇ, ಅದರಲ್ಲಿ ಸುಳ್ಳು ಹೇಳಲ್ಲ. ನಮ್ಮ ತುಮಕೂರು ರಸ್ತೆಯ ದಾಬಸ್‌ಪೇಟೆಗೆ ಡೆನ್ಮಾರ್ಕ್ ಮೂಲದ ಎಲ್‌ಎಂ ಕಂಪನಿ ಬಂದು ರೆಕ್ಕೆ ಮಾಡೋಕೆ ಶುರು ಮಾಡಿದಾಗ, ಸುತ್ತಮುತ್ತಲ ಐಟಿಐ ಹುಡುಗರಿಗೆ ಅದು ಎಷ್ಟು ದೊಡ್ಡ ವಿಷಯ ಆಗಿತ್ತು ಅಂತ ನನಗೆ ಗೊತ್ತು. ನಮ್ಮ ಚಿಕ್ಕಪ್ಪನ ಮಗನ ಗೆಳೆಯನೊಬ್ಬ ಅಲ್ಲಿದ್ದ. ಆದರೆ ಬೇಡಿಕೆ ಬಿದ್ದರೆ ನಮ್ಮಲ್ಲೂ ಅಷ್ಟೇ. 2017ರ ಫೆಬ್ರವರಿಯಲ್ಲಿ ಭಾರತದಲ್ಲಿ ಮೊದಲ ಗಾಳಿ ವಿದ್ಯುತ್ ಹರಾಜು ನಡೆದು ದರ ಯೂನಿಟ್ಟಿಗೆ 3.46 ರೂಪಾಯಿಗೆ ಇಳಿಯಿತು, ಆ ವರ್ಷದ ಕೊನೆಗೆ 2.43. ಹಿಂದಿನ ವರ್ಷ ಸುಮಾರು 5,500 ಮೆಗಾವಾಟ್ ಹೊಸ ಗಾಳಿಯಂತ್ರ ನಿಂತಿದ್ದ ದೇಶದಲ್ಲಿ 2017-18ರಲ್ಲಿ ನಿಂತಿದ್ದು ಸುಮಾರು 1,800 ಮಾತ್ರ. ಕರೆಂಟು ಅಗ್ಗ ಆಯ್ತು ಅಂತ ಎಲ್ಲರೂ ಚಪ್ಪಾಳೆ ತಟ್ಟಿದೆವು. ರೆಕ್ಕೆ ಮಾಡೋರ ಪಾಡು ಏನಾಯ್ತು ಅಂತ ಯಾರು ಕೇಳಿದರು?

ಈಗ ನನ್ನ ವಿಷಯ.

ರೆಕ್ಕೆಗಾದರೂ ಒಂದು ತೂಕ ಇದೆ. ಹಡಗು ಬೇಕು, ಟ್ರೇಲರ್ ಬೇಕು, ಮುಂದೊಂದು ಜೀಪು ಬೇಕು. ನಾನು ಮಾಡೋ ಕೆಲಸಕ್ಕೆ ತೂಕವೇ ಇಲ್ಲ. ಗಾಳಿಯಂತ್ರಗಳಿಂದ ಬರೋ ಮಾಹಿತಿ (ಗಾಳಿ ವೇಗ, ಗೇರ್‌ಬಾಕ್ಸ್ ಬಿಸಿ, ಎಣ್ಣೆ ಒತ್ತಡ ಇತ್ಯಾದಿ) ಹಿಡಿದು, ಯಾವಾಗ ಅಲಾರಂ ಹೊಡೆಯಬೇಕು, ಯಾವಾಗ ಸುಮ್ಮನಿರಬೇಕು ಅಂತ ನಿರ್ಧರಿಸೋ ಸಾಫ್ಟ್‌ವೇರ್. ಯುರೋಪಿನ ಒಂದು ಕಂಪನಿಗೆ ಬೆಂಗಳೂರಿಂದ ಮಾಡ್ತೀವಿ. ಕಂಪನಿ ಹೆಸರು ಹೇಳಲ್ಲ, ಸಹಿ ಹಾಕಿದ ಕಾಗದ ಇದೆ. ಮೇಲೆ ಹೆಸರಿಸಿದ ಯಾವುದೂ ಅಲ್ಲ ಅಂತಷ್ಟೇ ತಿಳ್ಕೊಳ್ಳಿ.

ಮೂರು ವರ್ಷದ ಹಿಂದೆ ನಾನು ಸೇರಿದಾಗ ಮೊದಲ ಹನ್ನೊಂದು ವಾರ ಬರೀ ಕೆಟಿ. ಅಂದರೆ ನಾಲೆಜ್ ಟ್ರಾನ್ಸ್‌ಫರ್, ನಿಮಗೆಲ್ಲ ಗೊತ್ತಲ್ಲ. ಮಂಗಳವಾರ, ಗುರುವಾರ ಮಧ್ಯಾಹ್ನ ಒಂದೂವರೆಗೆ. ಆ ಕಡೆ ಉತ್ತರ ಜರ್ಮನಿಯ ಒಂದು ಊರಿಂದ ಐವತ್ತೆಂಟು ವರ್ಷದ ಒಬ್ಬರು. ಅವರನ್ನು ನಾನು ಮನಸ್ಸಲ್ಲೇ ಮೇಷ್ಟ್ರು ಅಂತ ಕರೀತಿದ್ದೆ, ಇಲ್ಲೂ ಹಾಗೇ ಕರೀತೀನಿ. ಹತ್ತೊಂಬತ್ತು ವರ್ಷ ಅದೇ ಕೋಡ್ ಬರೆದವರು. ಪುಟಗಟ್ಟಲೆ ಇರೋ ಒಂದು ಫಂಕ್ಷನ್ ತೋರಿಸಿ, "ಇದು ಕೆಟ್ಟದಾಗಿದೆ, ನನಗೆ ಗೊತ್ತು, ಆದರೆ ಮುಟ್ಟಬೇಡ, ಯಾಕೆ ಅಂತ ಹೇಳ್ತೀನಿ" ಅನ್ನೋರು. ಒಂದು ಅಲಾರಂ ಇತ್ತು. ಯಂತ್ರ ಕರೆಂಟು ಕೊಡ್ತಾ ಇದೆ, ಆದರೆ ಗಾಳಿ ವೇಗ ಸೊನ್ನೆ ಅಂತ ತೋರಿಸ್ತಿದೆ. ಇದು ಹೇಗೆ ಸಾಧ್ಯ? "ಚಳಿಗಾಲದ ಬೆಳಗ್ಗೆ ಗಾಳಿ ಅಳೆಯೋ ಬಟ್ಟಲಿಗೆ ಮಂಜುಗಡ್ಡೆ ಹಿಡಿದಿರುತ್ತೆ, ಅದು ತಿರುಗಲ್ಲ. ಹೆದರಬೇಡ, ಹತ್ತು ಗಂಟೆಗೆ ಬಿಸಿಲು ಬಂದ ಮೇಲೆ ಸರಿಹೋಗುತ್ತೆ" ಅಂದರು. ನಾನು ಚಿತ್ರದುರ್ಗದವನು. ಮಂಜುಗಡ್ಡೆ ನೋಡಿರೋದು ಫ್ರಿಜ್ಜಿನಲ್ಲಿ ಮತ್ತು ಕಬ್ಬಿನ ಹಾಲಿನ ಅಂಗಡಿಯಲ್ಲಿ :-)

ಅವರ ಕೆಲಸ ಹೋಗುತ್ತಿದೆ ಅಂತ ನನಗೆ ಗೊತ್ತಿತ್ತು. ನಮ್ಮ ಟೀಮಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. "ಆ ವಿಷಯ ಎತ್ತಬೇಡಿ, ಅನ್‌ಪ್ರೊಫೆಷನಲ್ ಆಗುತ್ತೆ" ಅಂತ ನಮ್ಮ ಮ್ಯಾನೇಜರ್ ಮೊದಲೇ ಹೇಳಿದ್ದರು. ಕಡೆಯ ದಿನ ಮೇಷ್ಟ್ರೇ ಕೇಳಿದರು, "ನಿನ್ನ ಮನೆಯಿಂದ ಗಾಳಿಯಂತ್ರ ಕಾಣುತ್ತಾ?" ನಮ್ಮೂರ ತಾರಸಿ ಮೇಲಿಂದ ತೆಗೆದ ಫೋಟೋ ತೋರಿಸಿದೆ. ಜೋಗಿಮಟ್ಟಿ ಕಡೆ ಗುಡ್ಡದ ಸಾಲು, ಮೇಲೆ ಸಾಲಾಗಿ ಫ್ಯಾನುಗಳು. ಬಹಳ ಹೊತ್ತು ನೋಡಿದರು. "ಒಳ್ಳೇದು. ನನಗೂ ಅಡಿಗೆಮನೆ ಕಿಟಕಿಯಿಂದ ಕಾಣುತ್ತೆ" ಅಂದರು. ಅಷ್ಟೇ. ನನ್ನ ಬಾಯಲ್ಲಿ "ನಿಮಗೆ ಮುಂದೇನು?" ಅನ್ನೋ ಎರಡು ಪದ ಬರಲಿಲ್ಲ. ಥ್ಯಾಂಕ್ಯೂ ಹೇಳಿ ಕಾಲ್ ಕಟ್ ಮಾಡಿದೆ. ಮುಂದಿನ ವಾರ ಟೀಮ್ ಲಂಚ್ ಇತ್ತು, ಕೆಟಿ ಯಶಸ್ವಿಯಾಯ್ತು ಅಂತ. ಬಿರಿಯಾನಿ ಚೆನ್ನಾಗಿತ್ತು. ನಾನೂ ತಿಂದೆ.

ಎಂಟು ತಿಂಗಳ ಮೇಲೆ ನಮ್ಮ ಕಡೆಯ ಒಂದು ಗಾಳಿ ಕ್ಷೇತ್ರದಿಂದ ಅದೇ ಅಲಾರಂ ಬಂತು. ಕರೆಂಟು ಬರ್ತಿದೆ, ಗಾಳಿ ಸೊನ್ನೆ. ಏಪ್ರಿಲ್ ತಿಂಗಳ ಉರಿಬಿಸಿಲಲ್ಲಿ ಮಂಜುಗಡ್ಡೆ ಎಲ್ಲಿಂದ ಬರಬೇಕು? ಮೇಷ್ಟ್ರನ್ನು ಕೇಳೋಣ ಅಂತ ಮೇಲ್ ಹಾಕಿದೆ. ಐಡಿ ಇಲ್ಲ ಅಂತ ವಾಪಸ್ ಬಂತು. ಮೂರು ದಿನ ಒದ್ದಾಡಿದೆವು. ಕಡೆಗೆ ಹುಡುಗರು ಗೋಪುರ ಹತ್ತಿ ನೋಡಿದರೆ ಬಟ್ಟಲಿನ ಕೆಳಗೆ ಕಣಜದ ಗೂಡು!

ಈ ವರ್ಷದ ಶುರುವಲ್ಲಿ ಕ್ಯಾಲೆಂಡರಿಗೆ ಒಂದು ಮೀಟಿಂಗ್ ಬಂತು. ವಿಷಯ 'ಆರ್ಗನೈಸೇಶನ್ ಅಪ್‌ಡೇಟ್'. ಇಂಥ ಹೆಸರಿನ ಮೀಟಿಂಗಲ್ಲಿ ಒಳ್ಳೆ ಸುದ್ದಿ ಬಂದಿದ್ದನ್ನು ನಾನು ಕೇಳಿಲ್ಲ. ಕಂಪನಿ ಪುನರ್ರಚನೆ, ಮೂರು ಕಡೆ ಇದ್ದ ಕೆಲಸ ಒಂದೇ ಕಡೆ, ಆ ಒಂದು ಕಡೆ ಪೋಲೆಂಡ್. ಗಿರಾಕಿಗಳಿಗೆ ಹತ್ತಿರ, ಟೈಮ್ ಝೋನ್ ಒಂದೇ, ಸಂಬಳದ ಅಂತರ ಮೊದಲಿನಷ್ಟು ಇಲ್ಲವಂತೆ. ಒಂದು ಕಾಲಕ್ಕೆ ಅಮೆರಿಕದಲ್ಲಿ ಕೆಲಸ ಕಳೆದುಕೊಂಡವರಿಗೆ 'ಬ್ಯಾಂಗಲೋರ್ಡ್' ಅಂತ ಹೇಳ್ತಿದ್ದರು. ನಾವು ಕಾಲೇಜಲ್ಲಿ ಆ ಪದ ಕೇಳಿ ಎದೆ ಉಬ್ಬಿಸಿ ನಗ್ತಿದ್ದೆವು. ಬೆಂಗಳೂರಿಗೇ ಆ ಗತಿ ಬಂದರೆ ಏನನ್ನಬೇಕೋ ಯಾರಾದರೂ ಹೊಸ ಪದ ಹುಡುಕಬೇಕು.

ಎಚ್‌ಆರ್ ಜೊತೆ ಇಪ್ಪತ್ತು ನಿಮಿಷದ ಕಾಲ್. "ನೀವೇ ರಾಜೀನಾಮೆ ಕೊಟ್ಟರೆ ಒಳ್ಳೇದು, ರಿಲೀವಿಂಗ್ ಲೆಟರ್ ಕ್ಲೀನ್ ಆಗಿರುತ್ತೆ, ಎರಡು ತಿಂಗಳ ಬೇಸಿಕ್ ಕೊಡ್ತೀವಿ." ಬಹಳ ಮೃದುವಾಗಿ ಮಾತಾಡಿದರು ಪಾಪ, ಅವರಿಗೂ ಸ್ಕ್ರಿಪ್ಟ್ ಕೊಟ್ಟಿರ್ತಾರೆ. ಆ ವಾರ ನಾನು ಕಾನೂನು ಓದಿದೆ. ನಮ್ಮಲ್ಲಿ ಕೆಲಸದಿಂದ ತೆಗೆದರೆ ಒಂದು ತಿಂಗಳ ನೋಟಿಸು ಕೊಡಬೇಕು, ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ಸಂಬಳ ಕೊಡಬೇಕು. ಹಳೇ 1947ರ ಕಾಯ್ದೆಯಲ್ಲೂ ಇತ್ತು, 2025ರ ನವೆಂಬರಿನಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಇದೆ. ಆದರೆ ಇದು 'ಕಾರ್ಮಿಕ' ಅನ್ನಿಸಿಕೊಂಡವರಿಗೆ. ತಾಂತ್ರಿಕ ಕೆಲಸ ಮಾಡೋರೂ ಆ ಪದದೊಳಗೆ ಬರ್ತಾರೆ, ಮ್ಯಾನೇಜರ್ ಥರದವರು ಬರಲ್ಲ. ನಾನು ಯಾವ ಕಡೆ? ಅದನ್ನು ಕೋರ್ಟಿಗೆ ಹೋಗಿ ಸಾಬೀತು ಮಾಡಬೇಕು. ಸರ್ಕಾರದ ಅನುಮತಿ ಕೇಳಿಯೇ ಜನರನ್ನು ತೆಗೀಬೇಕು ಅನ್ನೋ ನಿಯಮ ಇರೋದು ಕಾರ್ಖಾನೆ, ಗಣಿ, ತೋಟಗಳಿಗೆ ಮಾತ್ರ, ಅದೂ ಹೊಸ ಸಂಹಿತೆಯಲ್ಲಿ ಮಿತಿ ನೂರರಿಂದ ಮುನ್ನೂರು ಜನಕ್ಕೆ ಏರಿದೆ. ಅಂದರೆ ರೆಕ್ಕೆ ಮಾಡೋ ದೊಡ್ಡ ಕಾರ್ಖಾನೆಗೆ ಅನ್ವಯ ಆಗಬಹುದು, ಅದೇ ರೆಕ್ಕೆಗೆ ಅಲಾರಂ ಬರೆಯೋ ಆಫೀಸಿಗೆ ಇಲ್ಲ. ಇನ್ನು 'ನೀವೇ ರಾಜೀನಾಮೆ ಕೊಡಿ' ಅನ್ನೋದರ ಗುಟ್ಟು ಇಲ್ಲಿದೆ ನೋಡಿ. ನಾನಾಗಿ ಬಿಟ್ಟೆ ಅಂತ ಬರೆದುಕೊಟ್ಟ ಮೇಲೆ, ಕಂಪನಿ ನನ್ನನ್ನು ತೆಗೆದೇ ಇಲ್ಲವಲ್ಲ! ಆಗ ಯಾವ ಕಾನೂನೂ ಅನ್ವಯಿಸಲ್ಲ.

ಮೇಷ್ಟ್ರ ದೇಶದಲ್ಲಿ ಹೇಗೆ? ಅಲ್ಲಿ ಕಂಪನಿಯೊಳಗೇ ಕೆಲಸಗಾರರು ಆರಿಸಿದ ಮಂಡಳಿ ಇರುತ್ತೆ. ಇಷ್ಟು ಜನರನ್ನು ತೆಗೀತೀವಿ ಅಂದರೆ ಅದರ ಜೊತೆ ಕೂತು ಪರಿಹಾರದ ಯೋಜನೆ ಮಾಡಬೇಕು. ವಯಸ್ಸು, ಸೇವೆ, ಮನೆಯಲ್ಲಿ ಮಕ್ಕಳಿದ್ದಾರಾ ಎಲ್ಲ ಲೆಕ್ಕಕ್ಕೆ ಬರುತ್ತೆ. ಬೇಕಾದರೆ ಹೋಗೋರನ್ನು ಒಂದು ವರ್ಷದವರೆಗೆ ಬೇರೊಂದು ಸಂಸ್ಥೆಗೆ ಸೇರಿಸಿ, ಸ್ವಲ್ಪ ಸಂಬಳ ಕೊಟ್ಟು, ತರಬೇತಿ ಕೊಡೋ ಪದ್ಧತಿ ಇದೆ. ಕೆಲಸ ಉಳಿಯಲ್ಲ, ರೋಸ್ಟಾಕ್ ನೋಡಿದಿರಲ್ಲ. ಆದರೆ ಹೋಗೋ ರೀತಿಗೆ ಒಂದು ಮರ್ಯಾದೆ ಇದೆ. ಆ ಮರ್ಯಾದೆಯ ಖರ್ಚು ತಪ್ಪಿಸೋದಕ್ಕೂ ಕೆಲಸ ಇಲ್ಲಿಗೆ ಬಂತು ಅನ್ನೋದು ನಮಗೆ ಹೊಳೆಯಲೇ ಇಲ್ಲ. ನಾವು ಅಗ್ಗ ಅಂದರೆ ಬರೀ ಸಂಬಳದಲ್ಲಿ ಅಗ್ಗ ಅಂತ ತಿಳ್ಕೊಂಡಿದ್ದೆವು. ನಮ್ಮನ್ನು ಬಿಡಿಸಿ ಕಳಿಸೋದೂ ಅಗ್ಗ.

ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಕೆಇಬಿಯಲ್ಲಿ ಲೈನ್‌ಮನ್ ಆಗಿ ರಿಟೈರ್ ಆದವರು. ನಮ್ಮ ದೊಡ್ಡಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿದ್ದರು, ಮಿಲ್ಲುಗಳೆಲ್ಲ ಒಂದೊಂದಾಗಿ ಮುಚ್ಚಿದ ಕಾಲದಲ್ಲಿ ಅವರದ್ದೂ ಮುಚ್ಚಿತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ದೊಡ್ಡಪ್ಪ ಅವರೆಲ್ಲ ಆರು ತಿಂಗಳು ಮಿಲ್ ಗೇಟ್ ಮುಂದೆ ಕೂತಿದ್ರು ಕಣೋ. ನಿಮ್ದು ಗೇಟ್ ಎಲ್ಲೈತಿ?" ಅಂದರು.

ಅದನ್ನೇ ಯೋಚಿಸ್ತಾ ಇದ್ದೀನಿ. ನ್ಯೂಪೋರ್ಟಿನವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಮ್ಮ ಬಾಗಿಲು ಒಂದು ಲಾಗಿನ್. ಆ ಕಡೆಯಿಂದ ಯಾರೋ ಒಂದು ಗುಂಡಿ ಒತ್ತಿದರೆ ಮುಗೀತು.

ಗೆಳೆಯ ಒಬ್ಬ ವಾದ ಮಾಡಿದ. "ಮಾರ್ಕೆಟ್ ಕಣೋ, ನಿನಗೆ ಬಂದಾಗ ಸರಿ, ಹೋದಾಗ ತಪ್ಪಾ?" ಒಪ್ಪಿದೆ. ಅದಕ್ಕೇ ನಾನು ಕೆಲಸ ಪೋಲೆಂಡಿಗೆ ಹೋಗಬಾರದು ಅಂತ ಹೇಳ್ತಾ ಇಲ್ಲ. ಆ ಬಾಯಿ ನನಗಿಲ್ಲ. ಮೇಷ್ಟ್ರ ಕೆಲಸ ತಗೊಂಡವನು ನಾನು, ಆ ಸಂಬಳದಲ್ಲೇ ತಂಗಿ ಮದುವೆ ಮಾಡಿದವನು ನಾನು. ನಾನು ಹೇಳೋದು ಬೇರೆ. ಕೆಲಸ ಬರುವಾಗಲೇ, ಅದು ಹೋಗುವಾಗಿನ ಷರತ್ತು ಕೇಳಬೇಕಿತ್ತು. ಆಗ ನಮ್ಮ ಕೈಯಲ್ಲಿ ಸ್ವಲ್ಪವಾದರೂ ಬಲ ಇತ್ತು. ಅವರಿಗೆ ನಾವು ಬೇಕಾಗಿತ್ತು, ಮೇಷ್ಟ್ರ ತಲೆಯಲ್ಲಿದ್ದದ್ದು ಹನ್ನೊಂದು ವಾರದಲ್ಲಿ ನಮ್ಮ ತಲೆಗೆ ಬರಬೇಕಾಗಿತ್ತು. ಆಗ ನಾವು ಕೇಳಿದ್ದು ಶೇಕಡಾ ಎಷ್ಟು ಹೈಕ್, ಕ್ಯಾಬ್ ಇದೆಯಾ, ವಾರಕ್ಕೆ ಎಷ್ಟು ದಿನ ಮನೆಯಿಂದ ಕೆಲಸ ಇಷ್ಟೇ. ನೋಟಿಸು ಎಷ್ಟು ದಿನ, ಮುಚ್ಚಿದರೆ ಏನು ಕೊಡ್ತೀರಿ, ಬರವಣಿಗೆಯಲ್ಲಿ ಕೊಡಿ ಅಂತ ನಮ್ಮ ಹದಿನಾಲ್ಕು ಜನರಲ್ಲಿ ಒಬ್ಬನೂ ಕೇಳಲಿಲ್ಲ. ಕೇಳಿದ್ದರೆ ನಗ್ತಿದ್ದರೇನೋ. ಹದಿನಾಲ್ಕೂ ಜನ ಒಟ್ಟಿಗೆ ಕೇಳಿದ್ದರೆ?

ಸರ್ಕಾರಕ್ಕೂ ಇದೇ ಮಾತು. 2024ರ ನವೆಂಬರಿನಲ್ಲಿ ನಮ್ಮ ರಾಜ್ಯ ವಿದೇಶಿ ಕಂಪನಿಗಳ ಇಂಥ ಕೇಂದ್ರಗಳಿಗಾಗಿಯೇ ಒಂದು ನೀತಿ ತಂತು. 2029ರೊಳಗೆ 500 ಹೊಸ ಕೇಂದ್ರ, ಮೂರೂವರೆ ಲಕ್ಷ ಉದ್ಯೋಗ ಅನ್ನೋದು ಗುರಿ. ಬರಲಿ, ಬಹಳ ಸಂತೋಷ. ರಿಯಾಯಿತಿ ಕೊಡೋವಾಗ ಒಂದು ಸಾಲು ಸೇರಿಸಿ ಸ್ವಾಮಿ: ಐದು ವರ್ಷದೊಳಗೆ ಕೆಲಸ ಬೇರೆ ದೇಶಕ್ಕೆ ಸಾಗಿಸಿದರೆ ರಿಯಾಯಿತಿ ವಾಪಸ್, ಹೋಗೋ ಜನಕ್ಕೆ ಆರು ತಿಂಗಳ ತರಬೇತಿ ಖರ್ಚು ಕಂಪನಿಯದ್ದು, ಬಲವಂತದ ರಾಜೀನಾಮೆಯನ್ನು ವಜಾ ಅಂತಲೇ ಪರಿಗಣಿಸೋದು. ಕಂಪನಿಗಳು ಓಡಿಹೋಗ್ತವೆ ಅಂತೀರಾ? ಈಗೇನು ಕೂತಿದ್ದಾವಾ?

ಅಂದ ಹಾಗೆ ನ್ಯೂಪೋರ್ಟ್ ಕಥೆಗೆ ಬಾಲ ಇದೆ. 2015ರಲ್ಲಿ ಅದೇ ದ್ವೀಪಕ್ಕೆ ವೆಸ್ಟಾಸ್ ಪಾಲುದಾರಿಕೆಯ ಕಂಪನಿ ವಾಪಸ್ ಬಂತು, ಸಮುದ್ರದಲ್ಲಿ ನಿಲ್ಲಿಸೋ ಯಂತ್ರಗಳಿಗೆ 80 ಮೀಟರ್ ರೆಕ್ಕೆ ಮಾಡೋಕೆ. ಬ್ರಿಟನ್ನಿನ ಸಮುದ್ರದಲ್ಲಿ ಆರ್ಡರ್ ಬಂದಿದ್ದವು, ಅದಕ್ಕೆ ಬಂತು. ಹತ್ತು ವರ್ಷಕ್ಕೆ ಮತ್ತೆ ಮಾಡೆಲ್ ಹಳೆಯದಾಯ್ತು, ಮತ್ತೆ ಮುಚ್ಚೋ ಮಾತು. 2025ರ ಫೆಬ್ರವರಿಯಲ್ಲಿ ಸರ್ಕಾರ ಕೈಜೋಡಿಸಿ, ನೆಲದ ಮೇಲಿನ ಯಂತ್ರಗಳ ರೆಕ್ಕೆ ಮಾಡೋ ಹಾಗೆ ಬದಲಾಯಿಸೋಣ ಅಂತ ತೀರ್ಮಾನ ಆಯ್ತು. ಸುಮಾರು 600 ಕೆಲಸದಲ್ಲಿ ಅರ್ಧದಷ್ಟು ಉಳಿದವು. ಆಗ ಇಂಧನ ಮಂತ್ರಿ ಯಾರು ಗೊತ್ತಾ? ಅದೇ ಎಡ್ ಮಿಲಿಬ್ಯಾಂಡ್. 2009ರಲ್ಲಿ ಒಳಗೆ ಕೂತ ಆ ಇಪ್ಪತ್ತೈದು ಜನ ಅವರಿಗೆ ನೆನಪಿದ್ದರೋ ಇಲ್ಲವೋ.

ನಾನು ರಾಜೀನಾಮೆ ಇನ್ನೂ ಕೊಟ್ಟಿಲ್ಲ. 'ನೀವು ತೆಗೆಯುತ್ತಿದ್ದೀರಿ ಅಂತ ಬರೆದು ಕೊಡಿ' ಅಂತ ಒಂದು ಮೇಲ್ ಹಾಕಿ ಕೂತಿದ್ದೀನಿ. ಟೀಮಿನಲ್ಲಿ ಇನ್ನೂ ನಾಲ್ಕು ಜನ ಹಾಗೇ ಮಾಡಿದ್ದಾರೆ. 2017ರಲ್ಲಿ ಶುರುವಾದ ಐಟಿ ನೌಕರರ ಸಂಘಕ್ಕೆ ಫೋನ್ ಮಾಡಿದ್ದೂ ಆಯ್ತು. ಅಮ್ಮನಿಗೆ ಭಯ, ಮುಂದೆ ಯಾರೂ ಕೆಲಸ ಕೊಡಲ್ಲ ಅಂತ. ನನಗೂ ಸ್ವಲ್ಪ ಇದೆ.

ಮಂಗಳವಾರ, ಗುರುವಾರ ಒಂದೂವರೆಗೆ ಈಗಲೂ ಕಾಲ್ ಇದೆ. ಈ ಸಲ ಹೇಳಿಕೊಡೋನು ನಾನು. ಆ ಕಡೆ ಪೋಲೆಂಡಿನ ಒಬ್ಬಳು ಹುಡುಗಿ, ಕಾಲೇಜು ಮುಗಿಸಿ ಎರಡು ವರ್ಷ ಆಗಿರಬಹುದು. ಕಳೆದ ವಾರ ಆ ಅಲಾರಮ್ಮಿಗೆ ಬಂದೆವು. ಮಂಜುಗಡ್ಡೆ ಅಂದ ತಕ್ಷಣ ಅವಳಿಗೆ ಅರ್ಥ ಆಯ್ತು, ಕಣಜದ ಗೂಡಿಗೆ ಮಾತ್ರ ಬಹಳ ಹೊತ್ತು ನಕ್ಕಳು. ಆಮೇಲೆ ಅವಳೇ, ಸ್ವಲ್ಪ ತಡವರಿಸಿ, "ನಿಮಗೆ ಮುಂದೇನು?" ಅಂತ ಕೇಳಿದಳು. ನಾನು ಮೇಷ್ಟ್ರನ್ನು ಕೇಳದೇ ಹೋದದ್ದು. ಹೇಳಿದೆ, ಎಲ್ಲ ಹೇಳಿದೆ. ಎರಡು ತಿಂಗಳ ಬೇಸಿಕ್, ಇಪ್ಪತ್ತು ನಿಮಿಷದ ಕಾಲ್, ರಾಜೀನಾಮೆ ಕಾಗದ. ಅವಳ ಅಪಾಯಿಂಟ್‌ಮೆಂಟ್ ಆರ್ಡರಿನಲ್ಲಿ ಏನು ಬರೆದಿದೆ ನೋಡ್ಕೋ, ಇಲ್ಲದಿದ್ದರೆ ಈಗಲೇ ಕೇಳು, ಕೆಟಿ ಮುಗಿಯೋ ಮೊದಲು ಕೇಳು ಅಂದೆ. ಬರೆದುಕೊಂಡಳು. ನಾಳೆ ಮಂಗಳವಾರ, ಗೇರ್‌ಬಾಕ್ಸಿನ ಅಲಾರಮ್ಮುಗಳು ಬಾಕಿ ಇವೆ.